ಕಾಡುಪ್ರಾಣಿಗಳ ಲಾಡಿಹುಳು ಮನುಷ್ಯನಿಗೆ ಬರುವ ಬಗೆ



ಈ ಪುಟಗಳಲ್ಲಿ ಅಡಿಕೆಯ ಕೊಳೆರೋಗ, ಕಾಫಿಯ ಬಿಳಿ ಕಾಂಡಕೊರಕ, ಮೆಣಸಿನ ಬಳ್ಳಿಯ ಸೊರಗುರೋಗ ಇವುಗಳ ವಿಚಾರವಾಗಿ ಹಲವು ಸಲ ಬರೆದಿದ್ದೇವೆ. ಈ ಸಲ ಗಿಡದ ರೋಗವನ್ನು ಬದಿಗಿಟ್ಟು ಮನುಷ್ಯನಿಗೆ ಬರುವ ಒಂದು ರೋಗದ ಬಗ್ಗೆ ಬರೆಯಬೇಕಾಗಿ ಬಂದಿದೆ. ನಾವು ವೈದ್ಯರಲ್ಲ. ಆದರೆ ನಮ್ಮ ತೋಟದಲ್ಲೇ ನಡೆದ ಒಂದು ಪ್ರಸಂಗದಿಂದ ಈ ವಿಷಯವನ್ನು ಓದಿ, ಕೇಳಿ ತಿಳಿಯುವ ಅಗತ್ಯ ಬಿತ್ತು. ತಿಳಿದಷ್ಟನ್ನು ಸದಸ್ಯರ ಮುಂದೆ ಇಡುತ್ತಿದ್ದೇವೆ.

ಕೊಯ್ಲಿನ ಕಾಲಕ್ಕೆ ನಮ್ಮಲ್ಲಿಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಕೆಲವು ಕುಟುಂಬಗಳು ಬರುತ್ತವೆ. ಅವರಲ್ಲಿ ಜೇವರ್ಗಿ ಕಡೆಯ ಒಬ್ಬಾತ ಮೂರು ಹಂಗಾಮು ನಮ್ಮ ಪಲ್ಪಿಂಗ್ ಮನೆಯಲ್ಲಿ ದುಡಿದವನು. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರವಾದಂತಿದೆ, ಊಟ ಸೇರುವುದಿಲ್ಲ ಎಂದು ಆಗಾಗ ಹೇಳುತ್ತಿದ್ದ. ನಾವೂ ಗ್ಯಾಸ್ ಎಂದೇ ತಿಳಿದು ಮಾತ್ರೆ ತರಿಸಿಕೊಡುತ್ತಿದ್ದೆವು. ಒಂದು ವರ್ಷವಲ್ಲ, ಎರಡು ವರ್ಷ ಹೀಗೆಯೇ ನಡೆಯಿತು. ಮೂರನೆಯ ವರ್ಷ ಅವನ ಹೊಟ್ಟೆಯ ಉಬ್ಬು ಅಂಗಿಯ ಮೇಲಿಂದಲೇ ಕಾಣುವಂತಾದಾಗ ಸ್ಕ್ಯಾನಿಂಗ್ ಮಾಡಿಸಿದೆವು. ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ತೆಂಗಿನಕಾಯಿ ಗಾತ್ರದ ನೀರು ತುಂಬಿದ ಗುಳ್ಳೆ. ಅದರೊಳಗೆ ದ್ರಾಕ್ಷಿ ಗೊಂಚಲಿನಂತೆ ಚಿಕ್ಕ ಚಿಕ್ಕ ಗುಳ್ಳೆಗಳು. ವೈದ್ಯರು ನೋಡಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ಕುರಿ ಇದೆಯೇ? ನಾಯಿ ಇದೆಯೇ?"

ಈ ಗುಳ್ಳೆಗೆ ಹೈಡಾಟಿಡ್ ಎಂದು ಹೆಸರು. ಕಾರಣ ಎಕಿನೊಕಾಕಸ್ ಎಂಬ ಪುಟ್ಟ ಲಾಡಿಹುಳು. ಲಾಡಿಹುಳು ಎಂದರೆ ನಮಗೆ ನೆನಪಾಗುವುದು ಮೊಳಗಟ್ಟಲೆ ಉದ್ದದ ಹುಳು. ಇದು ಹಾಗಲ್ಲ. ಪೂರ್ತಿ ಬೆಳೆದ ಹುಳು ಅರ್ಧ ಸೆಂಟಿಮೀಟರ್ ಆಸುಪಾಸು, ಮೂರು ನಾಲ್ಕು ತುಂಡುಗಳಷ್ಟೇ. ನಾಯಿ, ತೋಳ, ನರಿ ಇಂಥ ಪ್ರಾಣಿಗಳ ಸಣ್ಣ ಕರುಳಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹುಳುಗಳು ಅಂಟಿಕೊಂಡಿರುತ್ತವೆ. ಆದರೂ ಆ ಪ್ರಾಣಿಗೆ ಮೇಲುನೋಟಕ್ಕೆ ಯಾವ ಕಾಯಿಲೆಯೂ ಕಾಣುವುದಿಲ್ಲ. ನಾಯಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಮೋಸ ಇರುವುದು ಇಲ್ಲಿಯೇ.

ಹುಳುವಿನ ಮೊಟ್ಟೆಗಳು ನಾಯಿಯ ಮಲದೊಡನೆ ಹೊರಬಂದು ಹುಲ್ಲು, ಮಣ್ಣು, ನೀರು ಸೇರುತ್ತವೆ, ನಾಯಿಯ ಮೈಗೂದಲಿಗೂ ಮೂತಿಗೂ ಅಂಟಿರುತ್ತವೆ. ಆ ಹುಲ್ಲನ್ನು ಮೇಯುವ ಕುರಿ, ಆಡು, ದನ, ಹಂದಿಗಳ ಹೊಟ್ಟೆ ಸೇರಿದ ಮೊಟ್ಟೆ ಒಡೆದು, ಮರಿಹುಳು ರಕ್ತದ ಮೂಲಕ ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗಿ ನೆಲೆ ನಿಂತು ನೀರುಗುಳ್ಳೆಯಾಗಿ ಬೆಳೆಯುತ್ತದೆ. ಕುರಿ ಕೊಯ್ದಾಗ ಆ ಗುಳ್ಳೆಯಿರುವ ಯಕೃತ್ತನ್ನು ಯಾರೂ ತಿನ್ನುವುದಿಲ್ಲ, ನಾಯಿಗೆ ಎಸೆಯುತ್ತಾರೆ. ಗುಳ್ಳೆಯೊಳಗಿನ ಮರಳಿನಂಥ ಕಣಕಣವೂ ಒಂದೊಂದು ಹುಳುವಿನ ತಲೆ. ಸುಮಾರು ಆರೇಳು ವಾರದಲ್ಲಿ ಅವೆಲ್ಲ ನಾಯಿಯ ಕರುಳಿನಲ್ಲಿ ಬೆಳೆದು ಮತ್ತೆ ಮೊಟ್ಟೆ ಬಿಡಲು ತೊಡಗುತ್ತವೆ. ಬಯಲಿನಲ್ಲಿ ತೋಳ ಕುರಿಯನ್ನು ಹಿಡಿದು ತಿಂದಾಗ, ನರಿ ಸತ್ತ ಕುರಿಯನ್ನು ಎಳೆದುಕೊಂಡು ಹೋದಾಗ ನಡೆಯುವುದೂ ಇದೇ.

ಈ ಚಕ್ರದಲ್ಲಿ ಮನುಷ್ಯನಿಗೆ ಜಾಗವಿಲ್ಲ. ಅವನು ತಪ್ಪಿ ಒಳಗೆ ಬೀಳುವವನು. ಕುರಿಯ ಹಾಗೆಯೇ ಮೊಟ್ಟೆಯನ್ನು ನುಂಗಿ, ಕುರಿಯ ಹಾಗೆಯೇ ಗುಳ್ಳೆ ಬೆಳೆಸಿಕೊಳ್ಳುತ್ತಾನೆ. ನೂರಕ್ಕೆ ಸುಮಾರು ಎಪ್ಪತ್ತು ಮಂದಿಯಲ್ಲಿ ಗುಳ್ಳೆ ಯಕೃತ್ತಿನಲ್ಲಿ, ಇಪ್ಪತ್ತು ಮಂದಿಯಲ್ಲಿ ಶ್ವಾಸಕೋಶದಲ್ಲಿ, ಉಳಿದವರಲ್ಲಿ ಮಿದುಳು, ಮೂಳೆ, ಮೂತ್ರಪಿಂಡ ಹೀಗೆ ಎಲ್ಲೆಂದರಲ್ಲಿ. ಬೆಳವಣಿಗೆ ಬಹಳ ನಿಧಾನ. ಐದು, ಹತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ವರ್ಷ ಏನೂ ತಿಳಿಯದೆ ಇರಬಹುದು. ಆದ್ದರಿಂದ ನಮ್ಮ ಆಳಿಗೆ ಇದು ಎಲ್ಲಿ, ಯಾವಾಗ ತಗುಲಿತೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಚಿಕ್ಕಂದಿನಲ್ಲಿ ಊರ ಕುರಿದೊಡ್ಡಿಯಲ್ಲಿ ತಗುಲಿರಬಹುದು, ನಮ್ಮ ಲೈನ್ ಮನೆಯ ನಾಯಿಯಿಂದಲೂ ಆಗಿರಬಹುದು. "ಅವನು ಬಯಲುಸೀಮೆಯಿಂದ ತಂದ ರೋಗ, ನಮಗೂ ಹರಡೀತು" ಎಂದು ನಮ್ಮ ಸದಸ್ಯರೊಬ್ಬರು ಆಡಿದ ಮಾತು ನಮ್ಮ ಕಿವಿಗೆ ಬಿತ್ತು. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವೇ ಅಲ್ಲ. ಅವನೊಡನೆ ಉಂಡರೂ, ಅವನ ಬಟ್ಟೆ ಉಟ್ಟರೂ ಬರುವುದಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಡಿಕೆ ತೋಟದ ನಮ್ಮ ಸದಸ್ಯರಲ್ಲಿ ಅನೇಕರು ಮಾಂಸ ಮುಟ್ಟದವರು. "ಕುರಿ ತಿನ್ನುವವರ ರೋಗ, ನಮಗೇಕೆ" ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಈ ರೋಗ ಮಾಂಸದಿಂದ ಬರುವುದೇ ಇಲ್ಲ. ಗುಳ್ಳೆಯಿರುವ ಕುರಿಯ ಮಾಂಸ ತಿಂದವನಿಗೂ ಅದರಿಂದ ಹೈಡಾಟಿಡ್ ಬರುವುದಿಲ್ಲ. ಬರುವುದು ನಾಯಿಯ ಮಲದಲ್ಲಿರುವ ಮೊಟ್ಟೆಯಿಂದ: ತೊಳೆಯದ ಸೊಪ್ಪು, ತೋಡಿನ ನೀರು, ನಾಯಿ ನೆಕ್ಕಿದ ಕೈ, ಅಂಗಳದ ಮಣ್ಣಿನಲ್ಲಿ ಆಡಿ ಬಾಯಿಗೆ ಬೆರಳಿಡುವ ಮಗು. ಹಿತ್ತಲಿನಲ್ಲಿ ಹರಿವೆ ಬೆಳೆದು ತಿನ್ನುವ ಶುದ್ಧ ಸಸ್ಯಾಹಾರಿಯ ಮನೆಗೂ ನಾಯಿ ಇದ್ದೇ ಇರುತ್ತದಲ್ಲ.

ಶಸ್ತ್ರಚಿಕಿತ್ಸೆ ಆಗಿ ಆತ ಚೇತರಿಸಿಕೊಂಡ ಮೇಲೆ ನಾವೇ ಅವನನ್ನು ಊರಿಗೆ ಬಿಡಲು ಹೋದೆವು. ಕಲಬುರಗಿಯಿಂದ ಭೀಮಾ ನದಿಯ ಸೇತುವೆ ದಾಟಿ ಜೇವರ್ಗಿ. ಅಲ್ಲಿಂದ ಮೇಸ್ತ್ರಿಗಳ ಲೆಕ್ಕ ಚುಕ್ತಾ ಮಾಡಲು ಅಫಜಲಪುರಕ್ಕೂ ಆಳಂದಕ್ಕೂ ಹೋಗಬೇಕಾಗಿತ್ತು. ಮಲೆನಾಡಿನ ನೆರಳಿನಲ್ಲಿ ಬೆಳೆದ ಕಣ್ಣಿಗೆ ಆ ಕಪ್ಪು ನೆಲದ ಬಯಲು ಬೇರೆಯೇ ಲೋಕ. ತೊಗರಿ ಕೊಯ್ದಾಗಿತ್ತು. ಖಾಲಿ ಹೊಲಗಳಲ್ಲಿ ಅಲ್ಲಲ್ಲಿ ಕುರಿ ತರುಬಿದ್ದರು. ಅಫಜಲಪುರ ತಾಲ್ಲೂಕಿನಲ್ಲಿ, ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಹೋಗುವ ದಾರಿಯ ಬದಿಯಲ್ಲಿ, ಅಂಥ ಒಂದು ಹಟ್ಟಿಯ ಬಳಿ ಗಾಡಿ ನಿಲ್ಲಿಸಿ ಮಾತಿಗೆ ಕೂತೆವು. ಕಂಬಳಿ ಹೊದ್ದ ಮುದುಕ, ಅವನ ಮಗ, ಇನ್ನೂರು ಮುನ್ನೂರು ಕುರಿ, ನಾಲ್ಕು ನಾಯಿ.

ತೋಳದ ಕಾಟ ಇದೆಯೇ ಎಂದು ಕೇಳಿದೆವು. "ಇರಲಾರದೇನ್ರಿ ಸಾಹುಕಾರ್ರ. ಅವಕ್ಕೂ ಹೊಟ್ಟಿ ಅದ" ಎಂದ. ಕುರಿಯ ಹೊಟ್ಟೆಯಲ್ಲಿ ನೀರುಗುಳ್ಳೆ ನೋಡಿದ್ದೀಯಾ ಅಜ್ಜಾ ಎಂದರೆ ನಕ್ಕ. ಗುಳ್ಳೆ ಅವನಿಗೆ ಹೊಸತೇ ಅಲ್ಲ. ಹೊಟ್ಟೆಯದಷ್ಟೇ ಅಲ್ಲ, ತಲೆಯದನ್ನೂ ಬಲ್ಲ. "ಕುರಿ ಒಂದೇ ಮಗ್ಗಲಿಗೆ ಗಿರಗಿರ ತಿರಗಾಕ ಹತ್ತಿತಂದ್ರ ಅದರ ತಲ್ಯಾಗ ನೀರ ತುಂಬೇದ ಅಂತ ತಿಳ್ಕೋಬೇಕ್ರಿ. ಅದು ಉಳಿಯಂಗಿಲ್ಲ. ಕೊಯ್ದ ಬಿಡ್ತೀವಿ."

"ಆ ತಲೆ ಏನು ಮಾಡ್ತೀರಿ?"

"ನಾಯಿಗಿ ಹಾಕ್ತೀವ್ರಿ. ಮತ್ತೇನ್ ಮಾಡೂದು?"

ಕುರಿ ಸುತ್ತು ಹಾಕುವ ಆ ರೋಗ ನಾವು ಹೇಳುತ್ತಿರುವ ಹುಳುವಿನದಲ್ಲ, ಅದರ ದಾಯಾದಿಯದು. ಟೀನಿಯಾ ಮಲ್ಟಿಸೆಪ್ಸ್ ಎಂಬ ಇನ್ನೊಂದು ಲಾಡಿಹುಳು. ಅದೂ ನಾಯಿ, ತೋಳ, ನರಿಗಳ ಕರುಳಿನಲ್ಲಿಯೇ ಇದ್ದು, ಮರಿಯಾಗಿದ್ದಾಗ ಕುರಿಯ ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತದೆ. ಮನುಷ್ಯನ ಮಿದುಳಿಗೂ ಕಣ್ಣಿಗೂ ಅದು ಬಂದದ್ದುಂಟು, ಆದರೆ ಜಗತ್ತಿನಲ್ಲೇ ಬಹಳ ಅಪರೂಪ. ಹೈಡಾಟಿಡ್ ಅಷ್ಟು ಅಪರೂಪವಲ್ಲ. ಯಾವುದೇ ಸಮಯದಲ್ಲಿ ಜಗತ್ತಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಎಕಿನೊಕಾಕಸ್ ರೋಗ ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ ಹಿಂದಿನಿಂದಲೂ ಆಂಧ್ರ, ತಮಿಳುನಾಡು, ಸೌರಾಷ್ಟ್ರ, ಕಾಶ್ಮೀರಗಳ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿ ಮುಂದಿರುತ್ತದೆ. ಕರ್ನಾಟಕದ ಕುರಿನಾಡಿನಲ್ಲೂ ಶಸ್ತ್ರವೈದ್ಯರಿಗೆ ಇದು ಪರಿಚಿತವೇ.

ಮುದುಕನ ಮೊಣಕಾಲಿನ ಕೆಳಗೆ ಹಳೆಯ ಗಾಯದ ಗುರುತುಗಳಿದ್ದವು. ಕೇಳಿದ್ದಕ್ಕೆ, ಹುಡುಗನಾಗಿದ್ದಾಗ ನಾರುಹುಣ್ಣು ಎದ್ದಿತ್ತು ಎಂದ. ನಮ್ಮ ಕಿರಿಯ ಸದಸ್ಯರಿಗೆ ಈ ಹೆಸರೇ ತಿಳಿಯದಿರಬಹುದು. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿಯೊಡನೆ ಹೊಟ್ಟೆ ಸೇರಿ, ವರ್ಷದ ನಂತರ ಕಾಲಿನಿಂದ ದಾರದಂತೆ ಹೊರಬರುವ ಹುಳು ಅದು. ಕಲಬುರಗಿ ಸೀಮೆ ಅದರ ಹಳೆಯ ನೆಲೆಗಳಲ್ಲೊಂದು. ಅದಕ್ಕೆ ಲಸಿಕೆ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಮೆಟ್ಟಿಲು ಬಾವಿಗೆ ಜನ ಇಳಿಯದಂತೆ ಮಾಡುವುದು, ಕೊಳವೆ ಬಾವಿ ಕೊರೆಯುವುದು, ಇಷ್ಟರಿಂದಲೇ ಅದು ಹೋಯಿತು. 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಲಾಡಿಹುಳುವನ್ನೂ ಹೀಗೆ ಓಡಿಸಿದ ದೇಶವಿದೆ. ಐಸ್‌ಲೆಂಡ್ ಎಂಬ ಚಳಿಯ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿ ಸಾಕಣೆಯೇ ಬದುಕು, ಹೈಡಾಟಿಡ್ ಅಲ್ಲಿ ಮನೆಮಾತು. 1863ರಲ್ಲಿ ಅಲ್ಲಿಗೆ ಹೋದ ಹ್ಯಾರಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ನಾಯಿಗಳ ಕರುಳನ್ನು ಪರೀಕ್ಷಿಸಿದಾಗ ಕಾಲುಭಾಗಕ್ಕೂ ಹೆಚ್ಚು ನಾಯಿಗಳಲ್ಲಿ ಈ ಹುಳು ಸಿಕ್ಕಿತು. ಆತ ಬರೆದ ಒಂದು ಚಿಕ್ಕ ಪುಸ್ತಿಕೆಯನ್ನು ಮನೆಮನೆಗೆ ಪುಕ್ಕಟೆಯಾಗಿ ಹಂಚಿದರು. ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಹಾಕಬೇಡಿ, ಸುಡಿ ಅಥವಾ ಹೂಳಿ, ಎಂಬುದೇ ಅದರ ಮುಖ್ಯ ಮಾತು. ಆ ಮೇಲೆ ಕಾನೂನೂ ಬಂತು, ನಾಯಿಗಳಿಗೆ ಹುಳುವಿನ ಔಷಧವೂ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದವರಲ್ಲಿ ಆ ರೋಗ ವಿರಳವಾಯಿತು. ಈಗ ಅಲ್ಲಿ ಇಲ್ಲ. ನ್ಯೂಜಿಲೆಂಡ್ ಕೂಡ 1959ರ ಕಾನೂನಿನ ಬಲದಿಂದ ದಶಕಗಳ ಕಾಲ ಶ್ರಮಿಸಿ ಇದನ್ನು ಓಡಿಸಿತು. ನಾಯಿಗಳ ಈಗಿನ ಔಷಧ ಇಲ್ಲದ ಕಾಲದಲ್ಲೇ ಐಸ್‌ಲೆಂಡಿನ ರೈತರು ಅರ್ಧ ಕೆಲಸ ಮುಗಿಸಿದ್ದರು ಎಂಬುದನ್ನು ಗಮನಿಸಬೇಕು.

ಹಾಗಾದರೆ ತೋಳ, ನರಿಗಳನ್ನು ಕೊಂದರೆ ರೋಗ ಹೋದೀತೇ? ಈ ಪ್ರಶ್ನೆಯನ್ನು ಅಲ್ಲಿಯೂ ಕೇಳಿದರು, ಇಲ್ಲಿಯೂ ಕೇಳುತ್ತಾರೆ. ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ, ಕೊಲ್ಲುವುದು ಅಪರಾಧ. ಅದಿರಲಿ, ಲೆಕ್ಕವನ್ನೇ ನೋಡಿ. ಒಂದು ಬಯಲಿನಲ್ಲಿ ತೋಳ ಎಷ್ಟು, ನಾಯಿ ಎಷ್ಟು? ತೋಳ ನಮ್ಮ ಅಂಗಳದಲ್ಲಿ ಮಲಗುವುದಿಲ್ಲ, ಮಗುವಿನ ಕೈ ನೆಕ್ಕುವುದಿಲ್ಲ. ಹುಳು ಮೊದಲು ಕಾಡಿನದಾಗಿದ್ದಿರಬಹುದು, ಆದರೆ ಮನೆಯೊಳಗೆ ಕರೆತಂದದ್ದು ನಮ್ಮ ನಾಯಿ, ನಾಯಿಗೆ ಉಣಿಸಿದ್ದು ನಮ್ಮ ಕೈ.

ಕಾಡುಪ್ರಾಣಿಯನ್ನು ತಂದು ಬಿಟ್ಟು ರೋಗ ತಂದುಕೊಂಡವರೂ ಇದ್ದಾರೆ. ಎಕಿನೊಕಾಕಸ್ ಜಾತಿಯಲ್ಲೇ ಇನ್ನೂ ಕ್ರೂರವಾದ ಒಂದು ಹುಳು ಉತ್ತರದ ಚಳಿ ದೇಶಗಳ ನರಿ ಮತ್ತು ಇಲಿಗಳ ನಡುವೆ ಬದುಕುತ್ತದೆ. ಜಪಾನಿನ ಉತ್ತರದಲ್ಲಿರುವ ರೆಬುನ್ ದ್ವೀಪಕ್ಕೆ 1920ರ ದಶಕದಲ್ಲಿ ಇಲಿಗಳನ್ನು ಹಿಡಿಯಲೆಂದೂ ತುಪ್ಪಳಕ್ಕೆಂದೂ ಹೊರಗಿನಿಂದ ನರಿಗಳನ್ನು ತಂದು ಬಿಟ್ಟರು. ನರಿಯೊಡನೆ ಹುಳುವೂ ಬಂತು. ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕೀಟಕ್ಕೆ ಶತ್ರುಕೀಟವನ್ನು ತಂದು ಬಿಡುವ ಯೋಜನೆಗಳನ್ನು ಸಭೆಯಲ್ಲಿ ಚರ್ಚಿಸುವ ನಮಗೆ ಇದು ನೆನಪಿರಲಿ.

ಇನ್ನು ನಮ್ಮ ತೋಟಕ್ಕೆ ಬರೋಣ. ಬಯಲುಸೀಮೆಯ ಈ ಕಥೆ ಮಲೆನಾಡಿಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ಈ ಮೊಟ್ಟೆಗೆ ಬಿಸಿಲು ಮತ್ತು ಒಣಹವೆ ಶತ್ರುಗಳು. ಜೇವರ್ಗಿಯ ಬೇಸಗೆಯ ಬಿಸಿಲಿಗೆ ಬಿದ್ದ ಮೊಟ್ಟೆ ಬೇಗನೆ ಒಣಗಿ ಸಾಯುತ್ತದೆ. ತಂಪು, ತೇವ, ನೆರಳು ಇದ್ದರೆ ತಿಂಗಳುಗಟ್ಟಲೆ ಬದುಕುತ್ತದೆ. ತಂಪು, ತೇವ, ನೆರಳು ಎಂದರೆ ನಮ್ಮ ಕಾಫಿ ತೋಟವೇ, ಅಡಿಕೆ ತೋಟದ ಬುಡವೇ! ನಮ್ಮಲ್ಲಿ ಕುರಿ ಕಡಿಮೆ ನಿಜ. ಆದರೆ ಕೊಯ್ಲು ಮುಗಿದ ಸಂತೋಷಕ್ಕೆ, ಮಾರಿ ಹಬ್ಬಕ್ಕೆ ಕುರಿ ಆಡು ಬರುತ್ತವೆ. ಒಂದು ಮರದ ಬುಡದಲ್ಲಿ ಕೊಯ್ಯುತ್ತಾರೆ, ತೋಟದ ನಾಯಿಗಳೆಲ್ಲ ಸುತ್ತ ಕೂತಿರುತ್ತವೆ. ಬೇಲಿಯ ಉರುಳಿಗೆ ಬಿದ್ದ ಕಾಡುಹಂದಿಯ ಕರುಳು, ಯಕೃತ್ತು ನಾಯಿಯ ಪಾಲಾಗುವುದೂ ಉಂಟು. ಉರುಳು ಹಾಕುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಕಾಡುಹಂದಿ, ಜಿಂಕೆ ಜಾತಿಯ ಪ್ರಾಣಿಗಳಲ್ಲೂ ಈ ಗುಳ್ಳೆ ಇರಬಹುದು ಎಂಬುದು ಇನ್ನೊಂದು.

ಕುರಿಗೊಬ್ಬರದ ಬಗ್ಗೆ ಕೆಲವರು ಆಗಲೇ ಗಾಬರಿಯಿಂದ ಕೇಳಿದ್ದಾರೆ. ಬಯಲುಸೀಮೆಯಿಂದ ಲಾರಿಗಟ್ಟಲೆ ತರಿಸುವ ಗೊಬ್ಬರದಲ್ಲಿ ಈ ಹುಳು ಬಂದೀತೇ? ಕುರಿಯ ಹಿಕ್ಕೆಯಲ್ಲಿ ಎಕಿನೊಕಾಕಸ್ ಮೊಟ್ಟೆ ಇರುವುದಿಲ್ಲ, ಕುರಿಯಲ್ಲಿರುವುದು ಗುಳ್ಳೆ ಮಾತ್ರ. ಆದರೆ ದೊಡ್ಡಿಯಲ್ಲಿ ಕಾವಲು ನಾಯಿಗಳೂ ಮಲಗುತ್ತವೆ, ಅವುಗಳ ಮಲ ಗೊಬ್ಬರಕ್ಕೆ ಬೆರೆತಿರಬಹುದು. ತಂದ ಗೊಬ್ಬರವನ್ನು ಹಸಿಯಾಗಿಯೇ ಹರಡದೆ, ನೀರು ಚಿಮುಕಿಸಿ ರಾಶಿ ಹಾಕಿ, ಒಳಗೆ ಕೈಯಿಟ್ಟರೆ ಸುಡುವಷ್ಟು ಕಾವು ಬರುವಂತೆ ಕೊಳೆಸಿ, ಹೊರಗಿನದು ಒಳಗಾಗುವಂತೆ ಒಂದೆರಡು ಸಲ ಮಗುಚಿ ಹಾಕಿದರೆ ಮೊಟ್ಟೆ ಉಳಿಯುವುದಿಲ್ಲ. ಗಿಡಕ್ಕೂ ಅದೇ ಒಳ್ಳೆಯದು. ಫಿನಾಯಿಲ್ ಸುರಿದರೆ ಸಾಕೆಂದು ಯಾರೂ ತಿಳಿಯಬೇಡಿ. ಈ ಮೊಟ್ಟೆಗಳು ಅಂಥ ದ್ರಾವಣಗಳಿಗೆ ಜಗ್ಗುವುದಿಲ್ಲ. ಬೆಂಕಿ, ಕುದಿನೀರು, ಒಣ ಬಿಸಿಲು ಇವುಗಳಿಗೇ ಅವು ಸೋಲುವುದು.

ಕಾಡಿನಿಂದ ಬರುವ ಬೇರೆ ಲಾಡಿಹುಳುಗಳೂ ಇವೆ. ಮಂಗನ ಕರುಳಿನಲ್ಲಿರುವ ಬರ್ಟಿಯೆಲ್ಲಾ ಎಂಬುದು ನಮಗೆ ಹತ್ತಿರದ್ದು. ಮಂಗನ ಕಾಯಿಲೆ ಎಂದ ಕೂಡಲೇ ನಮ್ಮವರಿಗೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಉಣ್ಣೆಯ ಜ್ವರ ನೆನಪಾಗುತ್ತದೆ. ಇದು ಅದಲ್ಲ, ಅಷ್ಟು ಅಪಾಯದ್ದೂ ಅಲ್ಲ. ಮಂಗನ ಮಲದಲ್ಲಿ ಬಿದ್ದ ಮೊಟ್ಟೆಯನ್ನು ತರಗೆಲೆಯ ಅಡಿಯ ಮಣ್ಣಿನಲ್ಲಿರುವ, ಕಣ್ಣಿಗೆ ಕಾಣುವುದೇ ಕಷ್ಟವಾದ ಒಂದು ಬಗೆಯ ನುಸಿ ತಿನ್ನುತ್ತದೆ. ಆ ನುಸಿಯನ್ನು ಮಣ್ಣಿನೊಡನೆಯೋ ನೆಲಕ್ಕೆ ಬಿದ್ದ ಹಣ್ಣಿನೊಡನೆಯೋ ನುಂಗಿದ ಮಗುವಿನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಮನುಷ್ಯನಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1913ರಲ್ಲಿ, ಮಾರಿಷಸ್ ದ್ವೀಪದ ಒಂದು ಹುಡುಗಿಯಲ್ಲಿ. ಆ ಮೇಲೆ ಭಾರತದಲ್ಲೂ ಕೆಲವು ಮಕ್ಕಳಲ್ಲಿ ಕಂಡಿದೆ. ಮಲದಲ್ಲಿ ಬಿಳಿಯ ತುಂಡುಗಳು ಬೀಳುತ್ತವೆ, ಮನೆಯವರು ಮಾಮೂಲಿ ಜಂತುಹುಳುವೆಂದು ತಿಳಿಯುತ್ತಾರೆ. ಇಲಿಯ ಲಾಡಿಹುಳು ಕೂಡ ಇದೇ ಬಗೆಯದು. ಹಳೆಯ ಹಿಟ್ಟು, ಕಾಳಿನ ಹುಳದೊಡನೆ ಮಕ್ಕಳ ಹೊಟ್ಟೆ ಸೇರುತ್ತದೆ. ಎರಡಕ್ಕೂ ಸುಲಭದ ಔಷಧವಿದೆ. ಮಗುವಿಗೆ ಕೊಟ್ಟ ಮಾಮೂಲಿ ಹುಳುವಿನ ಮಾತ್ರೆಯಿಂದ ತುಂಡು ಬೀಳುವುದು ನಿಲ್ಲದಿದ್ದರೆ, ಒಂದು ತುಂಡನ್ನು ಶೀಶೆಯಲ್ಲಿ ಹಾಕಿ ವೈದ್ಯರಿಗೆ ತೋರಿಸಿ. ನಾಚಿಕೆ ಬೇಡ.

ಹೈಡಾಟಿಡ್ ಹಾಗಲ್ಲ. ಅದರಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಹೊಟ್ಟೆಯ ಉಬ್ಬು ಕಂಡು, ನೀರು ತೆಗೆಯುತ್ತೇನೆಂದು ಅರೆವೈದ್ಯರು ಸೂಜಿ ಚುಚ್ಚಬಾರದು, ತಿಕ್ಕುವವರ ಕೈಗೂ ಕೊಡಬಾರದು. ಗುಳ್ಳೆ ಒಡೆದು ಒಳಗಿನ ನೀರು ಚೆಲ್ಲಿದರೆ ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ರಕ್ತದೊತ್ತಡ ಇಳಿದು ಆಗಲೇ ಪ್ರಾಣ ಹೋಗಬಹುದು. ಬದುಕಿದರೂ ಚೆಲ್ಲಿದ ಕಣಗಳೆಲ್ಲ ಹೊಸ ಗುಳ್ಳೆಗಳಾಗುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಿಂದ ನೀರು ತೆಗೆದು ಹುಳು ಸಾಯುವ ದ್ರಾವಣ ಹಾಕುವ ಕ್ರಮ ಇದೆ. ಅದು ಎಲ್ಲ ಸಿದ್ಧತೆಯೊಡನೆ, ಬಲ್ಲವರು ಮಾಡುವ ಕೆಲಸ. ಕೆಲವು ಗುಳ್ಳೆಗಳಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುತ್ತಾರೆ, ಕೆಲವನ್ನು ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ, ಒಣಗಿ ಸುಣ್ಣಗಟ್ಟಿದ್ದನ್ನು ಹಾಗೆಯೇ ಬಿಟ್ಟು ವರ್ಷಕ್ಕೊಮ್ಮೆ ನೋಡುತ್ತಾರೆ. ಶ್ವಾಸಕೋಶದ ಗುಳ್ಳೆ ಒಡೆದರೆ ರೋಗಿ ಉಪ್ಪುಪ್ಪಾದ ನೀರನ್ನೂ ದ್ರಾಕ್ಷಿಯ ಸಿಪ್ಪೆಯಂಥ ಚೂರುಗಳನ್ನೂ ಕೆಮ್ಮಿ ಉಗುಳುತ್ತಾನೆ. ಯಾವ ಆಳಾದರೂ ಹೀಗೆ ಹೇಳಿದರೆ, ಅಥವಾ ಬಲಪಕ್ಕೆಯ ಭಾರ ತಿಂಗಳುಗಟ್ಟಲೆ ಇಳಿಯದಿದ್ದರೆ, ನಾವು ಮಾಡಿದಂತೆ ಎರಡು ವರ್ಷ ಗ್ಯಾಸ್ ಮಾತ್ರೆ ಕೊಡಬೇಡಿ. ಹೊಟ್ಟೆಯ ಒಂದು ಸ್ಕ್ಯಾನಿಂಗಿನ ಖರ್ಚನ್ನು ಮಾಲೀಕರೇ ಹೊರಬಹುದು.

ತಡೆಯುವ ಕೆಲಸ ದೊಡ್ಡದಲ್ಲ. ಮಳೆಗಾಲಕ್ಕೆ ಮೊದಲು ಬೋರ್ಡೋ ಹೊಡೆಯುವ ಶ್ರಮದ ಹತ್ತರಲ್ಲಿ ಒಂದು ಪಾಲೂ ಇಲ್ಲ. ತೋಟದಲ್ಲಿ ಕುರಿ ಕೊಯ್ಯುವ ದಿನ ನಾಯಿಗಳನ್ನು ಕಟ್ಟಿಹಾಕಿ. ಯಕೃತ್ತು, ಶ್ವಾಸಕೋಶ, ತಲೆ ಯಾವುದನ್ನೂ ಹಸಿಯಾಗಿ ನಾಯಿಗೆ ಹಾಕಬೇಡಿ. ಹಾಕಲೇಬೇಕೆಂದರೆ ಚೂರು ಮಾಡಿ ಮುಕ್ಕಾಲು ಗಂಟೆ ಚೆನ್ನಾಗಿ ಕುದಿಸಿ ಹಾಕಿ. ಉಳಿದದ್ದನ್ನು ಸುಡಿ, ಇಲ್ಲವೇ ನಾಲ್ಕಡಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ, ಮೇಲೆ ಕಲ್ಲು ಹೇರಿ. ಮೂರಡಿಗೇ ನಿಲ್ಲಿಸಿದ ಗುಂಡಿಯನ್ನು ನಮ್ಮ ನಾಯಿಯೇ ಒಂದು ರಾತ್ರಿಯಲ್ಲಿ ಬಗೆದು ಹಾಕಿದ್ದನ್ನು ನೋಡಿದ್ದೇವೆ. ಸೊಪ್ಪುಮಡಿಗೆ ನಾಯಿ ನುಗ್ಗದಂತೆ ಬೇಲಿ ಇರಲಿ. ನಾಯಿ ಮುಟ್ಟಿದ ಕೈಯನ್ನು ಉಣ್ಣುವ ಮೊದಲು ಸೋಪಿನಿಂದ ತೊಳೆಯುವ ಪಾಠ ಲೈನ್ ಮನೆಯ ಮಕ್ಕಳಿಗೂ ನಮ್ಮ ಮಕ್ಕಳಿಗೂ ಒಂದೇ.

ನಾಯಿಗೆ ಹುಳುವಿನ ಮಾತ್ರೆ ಹಾಕಿಸುವಾಗ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಎಂದು ಕೇಳಿ ತೆಗೆದುಕೊಳ್ಳಿ. ಉಳಿದ ಎಷ್ಟೋ ಮಾತ್ರೆಗಳು ದುಂಡುಹುಳುವಿಗೆ ಮಾತ್ರ, ಈ ಲಾಡಿಹುಳುವಿಗೆ ನಾಟುವುದಿಲ್ಲ. ಪ್ರಮಾಣ ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ. ಹುಳು ಬೆಳೆದು ಮೊಟ್ಟೆಯಿಡಲು ಆರೇಳು ವಾರ ಬೇಕೆಂದು ಮೇಲೆ ಹೇಳಿದೆವಲ್ಲ, ಆದ್ದರಿಂದ ಆರು ವಾರಕ್ಕೊಮ್ಮೆ ಹಾಕಿದರೆ ಮೊಟ್ಟೆ ಬೀಳಲು ಅವಕಾಶವೇ ಇರುವುದಿಲ್ಲ. ಅಷ್ಟಾಗದಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ಹಾಕಿಸಿ. ಈ ಔಷಧ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ. ಹಾಕಿದ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕು. ನಾಯಿಯ ತೂಕ ತಿಳಿಯದವರು ನಮ್ಮ ಸಂಘದ ಗೋದಾಮಿಗೆ ಕರೆತನ್ನಿ. ಅದು ತಕ್ಕಡಿಯ ಮೇಲೆ ನಿಲ್ಲದಿದ್ದರೆ ಎತ್ತಿಕೊಂಡು ನೀವೇ ನಿಂತು ತೂಗಿಸಿ, ಆ ಮೇಲೆ ನಿಮ್ಮ ತೂಕವನ್ನು ಕಳೆದರಾಯಿತು.